ಜಿಲ್ಲಾಧಿಕಾರಿಗಳೇ, ನಮ್ಮ ಹೆಸರು ರದ್ದಿಗೆ ಹೋಗುತ್ತಿದೆ

ಧಾರವಾಡ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ. ನಾನು ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. 19 ವರ್ಷ ಆಯಿತು. ಎರಡು ಮಷಿನ್, ಒಂದು ಕಂಪ್ಯೂಟರ್, ಒಂದು ಲ್ಯಾಮಿನೇಶನ್ ಯಂತ್ರ. ಇದರಲ್ಲೇ ಮನೆ ನಡೆದಿದೆ, ಮಗಳು ಡಿಗ್ರಿ ಮುಗಿಸಿದ್ದಾಳೆ.

ಸಪ್ತಾಪುರ ಹೇಗಿದೆ ಅಂತ ನಿಮಗೆ ಹೇಳಬೇಕಿಲ್ಲ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಪಿಎಸ್‌ಐ, ಪಿಡಿಒ, ಕೆಎಎಸ್ ಅಂತ ಓದಲು ಬಂದ ಮಕ್ಕಳು ಓಣಿ ಓಣಿಯಲ್ಲೂ ಇದ್ದಾರೆ. ರೂಮ್ ಹಿಡಿಯಲು ಆಧಾರ್ ಝೆರಾಕ್ಸ್. ಕೋಚಿಂಗ್ ಸೇರಲು ಆಧಾರ್ ಝೆರಾಕ್ಸ್. ಲೈಬ್ರರಿಯಲ್ಲಿ ಒಂದು ಕುರ್ಚಿ ಸಿಗಬೇಕಾದರೂ ಆಧಾರ್ ಝೆರಾಕ್ಸ್. "ಅಣ್ಣಾರ, ಹಿಂದ ಮುಂದ ಎರಡೂ ಒಂದ ಹಾಳ್ಯಾಗ ಬರೂ ಹಂಗ ತಗೀರಿ" ಅನ್ನುವ ಮಾತನ್ನು ದಿನಕ್ಕೆ ಎಷ್ಟು ಸಲ ಕೇಳುತ್ತೇನೋ ಲೆಕ್ಕವಿಲ್ಲ. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ಅಂಗಡಿ ಮುಂದಿನ ಸಾಲು ರಸ್ತೆಗೆ ಬಂದಿತ್ತು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮೇಲೆ ಗಂಡನ ಆಧಾರ್. ಊಟಕ್ಕೂ ಪುರುಸೊತ್ತು ಇರಲಿಲ್ಲ.

ಆ ಕಾಗದವೆಲ್ಲ ಕೊನೆಗೆ ಎಲ್ಲಿ ಹೋಗಿ ಬೀಳುತ್ತದೆ ಅಂತ ನಾನು ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ಒಂದು ಮಳೆಗಾಲದ ಸಂಜೆ ಅಂಗಡಿ ಹುಡುಗ ಗಾಡಿಯಿಂದ ಗಿರ್ಮಿಟ್, ಮಿರ್ಚಿ ಕಟ್ಟಿಸಿಕೊಂಡು ಬಂದ. ಮಿರ್ಚಿ ಎತ್ತಿದರೆ ಕೆಳಗೆ ಎಣ್ಣೆಯಲ್ಲಿ ನೆನೆದ ಕಾಗದದ ಮೇಲೆ ಒಂದು ಹುಡುಗಿಯ ಮುಖ. ಹೆಸರು, ಹುಟ್ಟಿದ ತಾರೀಕು, ಊರು, 12 ಅಂಕಿ, ಎಲ್ಲ ಓದುವ ಹಾಗಿತ್ತು. ಹಾಳೆಯ ಬಲಗಡೆ ಮೇಲಿಂದ ಕೆಳಗಿನ ತನಕ ಕೂದಲೆಳೆಯಂಥ ಒಂದು ಕಪ್ಪು ಗೆರೆ. ಆ ಗೆರೆ ನೋಡಿ ನನ್ನ ಕೈ ನಿಂತಿತು. ಹಿಂದೊಮ್ಮೆ ನನ್ನ ದೊಡ್ಡ ಮಷಿನ್ನಿನ ಡ್ರಮ್ ಮೇಲೆ ಗೀರು ಬಿದ್ದಿತ್ತು. ಹೊಸ ಡ್ರಮ್ ಹಾಕಿಸಲು ರೊಕ್ಕ ಹೊಂದಿಸುವ ತನಕ, ಸುಮಾರು ಮೂರು ತಿಂಗಳು, ಎಲ್ಲ ಪ್ರತಿಗಳಲ್ಲೂ ಅದೇ ಜಾಗದಲ್ಲಿ ಅದೇ ಗೆರೆ ಬರುತ್ತಿತ್ತು. ಅಂದರೆ ಆ ಹಾಳೆ ನನ್ನ ಅಂಗಡಿಯಿಂದಲೇ ಹೊರಟದ್ದು. ಆ ಹುಡುಗಿ ಅದನ್ನು ಎಲ್ಲಿಗೋ ಕೊಟ್ಟಿದ್ದಾಳೆ. ಅಲ್ಲಿಂದ ಅದು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗಿ, ರದ್ದಿಯಿಂದ ಮಿರ್ಚಿ ಗಾಡಿಗೆ ಬಂದಿದೆ. ಕಾಗದ ಹರಿದು ಹಾಕಿದೆ, ಕೈ ತೊಳೆದೆ. ಮರುದಿನ ಮರೆತೂಬಿಟ್ಟೆ.

ಅದನ್ನು ಮತ್ತೆ ನೆನಪಿಸಿದ್ದು ನನ್ನದೇ ಕಥೆ.

ಕಲರ್ ಪ್ರಿಂಟರ್ ತರಬೇಕು ಅಂತ ಬ್ಯಾಂಕಿನಲ್ಲಿ ₹2 ಲಕ್ಷ ಸಾಲ ಕೇಳಿದ್ದೆ. ಮ್ಯಾನೇಜರ್ ಪರಿಚಯದವರು. ಚಹಾ ತರಿಸಿದರು, ಕಂಪ್ಯೂಟರ್ ನೋಡಿದರು, ಆಮೇಲೆ ಮಾತು ಕಡಿಮೆ ಮಾಡಿದರು. "ಹಳೇ ಸಾಲ ಒಂದು ಬಾಕಿ ಐತಲ್ರಿ ನಿಮ್ದು, ಏಳು ಕಂತು ಕಟ್ಟಿಲ್ಲ" ಅಂದರು. ನಾನು ಯಾರ ಹತ್ತಿರವೂ ಸಾಲ ಮಾಡಿದವನಲ್ಲ. ಅವರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ನನ್ನ ಹೆಸರು, ನನ್ನ ಪ್ಯಾನ್ ನಂಬರ್, ಮೊಬೈಲ್‌ನಲ್ಲೇ ಸಾಲ ಕೊಡುವ ಒಂದು ಕಂಪನಿ, ₹42,000. ಹೆಸರಿನ ಮುಂದೆ ಕೆಂಪು ಅಕ್ಷರ. ಪಕ್ಕದ ಕುರ್ಚಿಯಲ್ಲಿ ಕೂತವರು ನನ್ನ ಮುಖ ನೋಡುತ್ತಿದ್ದರು. ಆ ಐದು ನಿಮಿಷ ನಾನು ಕಳ್ಳನ ಹಾಗೆ ಕೂತಿದ್ದೆ.

ಮನೆಗೆ ಬಂದು ಹಿಂದಿನದನ್ನೆಲ್ಲ ನೆನಪು ಮಾಡಿಕೊಂಡೆ. ಸೂಚನೆಗಳು ಮೊದಲೇ ಬಂದಿದ್ದವು, ನನಗೇ ತಿಳಿಯಲಿಲ್ಲ. "ನಿಮ್ಮ ಸಾಲದ ಅರ್ಜಿ ಪರಿಶೀಲನೆಯಲ್ಲಿದೆ" ಅಂತ ಒಂದು ಮೆಸೇಜ್ ಬಂದಿತ್ತು, ಜಾಹೀರಾತು ಅಂತ ಅಳಿಸಿದ್ದೆ. ಖಾತೆಯೇ ಇಲ್ಲದ ಬ್ಯಾಂಕಿನಿಂದ ದಪ್ಪ ಕವರ್ ಬಂದಿತ್ತು, "ನಮ್ಮದಲ್ಲ" ಅಂತ ಪೋಸ್ಟ್‌ಮನ್ ಕೈಗೆ ವಾಪಸ್ ಕೊಟ್ಟಿದ್ದೆ. ಯಾರೋ ಹಿಂದಿಯಲ್ಲಿ ಎರಡು ಸಲ ಫೋನ್ ಮಾಡಿ ಕಂತಿನ ಮಾತು ಆಡಿದ್ದರು, ರಾಂಗ್ ನಂಬರ್ ಅಂದಿದ್ದೆ. ತೆರಿಗೆ ಲೆಕ್ಕ ಬರೆಯುವವರು, "ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಇನ್ನೊಂದು ಬ್ಯಾಂಕಿನ ₹61 ಬಡ್ಡಿ ತೋರಿಸ್ತಿದೆ, ಯಾವುದದು?" ಅಂತ ಕೇಳಿದ್ದರು. 61 ರೂಪಾಯಿ ಅಲ್ವಾ ಅಂತ ನಾನೂ ಬಿಟ್ಟೆ, ಅವರೂ ಬಿಟ್ಟರು. ಆ 61 ರೂಪಾಯಿ ಹಿಡಿದುಕೊಂಡು ಹೋಗಿದ್ದರೆ, ಬೇರೆ ರಾಜ್ಯದ ಶಾಖೆಯೊಂದರಲ್ಲಿ ನನ್ನ ಹೆಸರಿನಲ್ಲಿ ಖಾತೆ ತೆರೆದಿರುವುದು ಆಗಲೇ ಗೊತ್ತಾಗುತ್ತಿತ್ತು. ಸಾಲದ ಹಣ ಹೋಗಿ ಬಿದ್ದದ್ದು ಅದೇ ಖಾತೆಗೆ.

ಇದನ್ನು ಓದುತ್ತಿರುವ ಎಲ್ಲರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಮ್ಮ ಸಾಲದ ಇತಿಹಾಸ ಇಡುವ ನಾಲ್ಕು ಕಂಪನಿಗಳಿವೆ. ಪ್ರತಿಯೊಂದೂ ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾಲ್ಕು ಕಂಪನಿ ಅಂದಮೇಲೆ ಮೂರು ತಿಂಗಳಿಗೊಮ್ಮೆ ಒಂದೊಂದರಿಂದ ತೆಗೆದರೆ ವರ್ಷವಿಡೀ ಕಣ್ಣಿಟ್ಟ ಹಾಗೆ ಆಗುತ್ತದೆ. ರೊಕ್ಕ ಕೊಟ್ಟು ತೆಗೆಸಬೇಡಿ. ಇದು ನನಗೆ ಗೊತ್ತೇ ಇರಲಿಲ್ಲ. ಆ ರಾತ್ರಿ ಮಗಳು ನಾಲ್ಕೂ ವರದಿ ತೆಗೆದಳು. ಎರಡರಲ್ಲಿ ಆ ಸಾಲ ಇತ್ತು.

ಆಮೇಲೆ ಅವಳೇ ಸಂಚಾರ್ ಸಾಥಿ ಜಾಲತಾಣ ತೆರೆದಳು. ಕೇಂದ್ರದ ದೂರಸಂಪರ್ಕ ಇಲಾಖೆಯದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಅದು ತೋರಿಸುತ್ತದೆ. ನನ್ನವು ಎರಡು. ಅಲ್ಲಿ ನಾಲ್ಕು ಇದ್ದವು! "ಇದು ನನ್ನ ನಂಬರ್ ಅಲ್ಲ" ಅಂತ ಒತ್ತಲು ಅಲ್ಲಿಯೇ ಅವಕಾಶವಿದೆ. ಒತ್ತಿದೆವು, ಕೆಲವು ವಾರದಲ್ಲಿ ಆ ಎರಡೂ ಬಂದ್ ಆದವು. ಸಿಮ್ ಕೊಡಲು ಕಾಗದದ ಪ್ರತಿ ತೆಗೆದುಕೊಳ್ಳುವ ಪದ್ಧತಿಯನ್ನು 2024ರ ಜನವರಿ 1ರಿಂದ ನಿಲ್ಲಿಸಿದ್ದಾರೆ, ಈಗ ಎಲ್ಲ ಹೆಬ್ಬೆಟ್ಟು, ಮುಖದ ಫೋಟೋ ಮೇಲೆಯೇ. ಅದರಲ್ಲೂ ಮೋಸ ಮಾಡುವವರಿದ್ದಾರೆ. ರಸ್ತೆ ಬದಿ ಕೊಡೆ ಹಾಕಿಕೊಂಡು ಸಿಮ್ ಮಾರುವವರು, "ಹೆಬ್ಬೆಟ್ಟು ಸರಿ ಬರ್ಲಿಲ್ಲ, ಇನ್ನೊಮ್ಮೆ ಒತ್ರಿ" ಅಂದರೆ ಸುಮ್ನೆ ಒತ್ತಬೇಡಿ. ಎರಡನೇ ಸಲದ್ದು ಎರಡನೇ ಸಿಮ್‌ಗೆ ಹೋಗಬಹುದು. ಅಂಗಡಿಗೆ ಬರುವ ಮಕ್ಕಳಿಗೆ ಇದನ್ನು ಬಿಡದೆ ಹೇಳುತ್ತೇನೆ.

ಇನ್ನು ದೂರಿನ ವಿಷಯ. ಜಿಲ್ಲಾಧಿಕಾರಿಗಳೇ, ಇಲ್ಲಿಂದ ದಯವಿಟ್ಟು ಸ್ವಲ್ಪ ಗಮನ ಕೊಡಿ.

ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಒಳ್ಳೆಯ ವ್ಯವಸ್ಥೆ. ಯಾರದಾದರೂ ಖಾತೆಯಿಂದ ರೊಕ್ಕ ಹೋಗಿದ್ದರೆ ತಡಮಾಡದೆ ಆ ನಂಬರಿಗೆ ಹೇಳಬೇಕು, ಹಣ ದಾಟುತ್ತಿರುವಾಗಲೇ ತಡೆಹಿಡಿಯಲು ನೋಡುತ್ತಾರೆ. ಬ್ಯಾಂಕಿಗೂ ಆಗಿಂದಾಗ ತಿಳಿಸಬೇಕು. ನಮ್ಮದು ತಪ್ಪಿಲ್ಲದೆ ಹೊರಗಿನವರು ಮಾಡಿದ ಮೋಸ ಆಗಿದ್ದು, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮ ತಲೆಗೆ ಬರುವುದಿಲ್ಲ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮ ಅದು. ಆದರೆ ನನ್ನ ಖಾತೆಯಿಂದ ಒಂದು ಪೈಸೆಯೂ ಹೋಗಿರಲಿಲ್ಲ. ಹೋಗಿದ್ದು ಹೆಸರು. ಹೆಸರು ಹೋದವರು ಎಲ್ಲಿಗೆ ಹೋಗಬೇಕು?

ಒಂದು ಠಾಣೆಗೆ ಹೋದೆ. "ರೊಕ್ಕ ಹೋಗಿಲ್ಲಲ್ರಿ, ಮತ್ತ ಏನಂತ ಕಂಪ್ಲೇಂಟ್ ಬರಕೊಳ್ಳೂದು?" ಅಂದರು. ಇನ್ನೊಂದು ಕಡೆ, "ಸಾಲ ಕೊಟ್ಟ ಕಂಪನಿ ಬ್ಯಾರೆ ರಾಜ್ಯದ್ದು, ಅಲ್ಲೇ ಹೋಗ್ರಿ" ಅಂದರು. ಮಿರ್ಚಿ ಮಾರುವವರಿಗೋ, ಮನೆಗೆಲಸದ ಅಕ್ಕಂದಿರಿಗೋ ಈ ಮಾತು ಹೇಳಿದರೆ ಅವರು ಅಲ್ಲಿಗೇ ಕೈ ಬಿಡುತ್ತಾರೆ. ನಾನೂ ಬಿಡುತ್ತಿದ್ದೆ. ಮಗಳು ಬಿಡಲಿಲ್ಲ. ಇನ್ನೊಬ್ಬರ ಗುರುತನ್ನು ಮೋಸದಿಂದ ಬಳಸುವುದೇ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಸಿ ಕಲಂ ಪ್ರಕಾರ ಅಪರಾಧ. ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ. ಆ ಕಲಮಿನಲ್ಲಿ ರೊಕ್ಕ ಹೋಗಿರಬೇಕು ಅಂತ ಎಲ್ಲೂ ಬರೆದಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಐಟಿ ಕಾಯ್ದೆಯ ತನಿಖೆಯನ್ನು ಇನ್ಸ್‌ಪೆಕ್ಟರ್‌ಗಿಂತ ಕೆಳಗಿನವರು ಮಾಡುವ ಹಾಗಿಲ್ಲ, ಆ ತೊಂದರೆ ನನಗೂ ಅರ್ಥವಾಗುತ್ತದೆ. ತನಿಖೆ ಸೈಬರ್ ಠಾಣೆಯವರೇ ಮಾಡಲಿ. ದೂರು ತೆಗೆದುಕೊಂಡು ಒಂದು ಸ್ವೀಕೃತಿ ಕೊಡಲು ಏನು ಅಡ್ಡಿ?

ಕೊನೆಗೆ ಮಗಳು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿದಳು. ಹಣದ ಮೋಸದ ವಿಭಾಗ ಬಿಟ್ಟು, ಇತರ ಸೈಬರ್ ಅಪರಾಧಗಳ ವಿಭಾಗದಲ್ಲಿ. ದೂರಿನ ನಂಬರ್ ಬಂತು. ಆ ಪ್ರಿಂಟ್ ಹಿಡಿದು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ನಾಲ್ಕು ಸಲ ಓಡಾಡಿದೆ. ನಾಲ್ಕನೇ ಸಲ ಸಿಕ್ಕ ಅಧಿಕಾರಿ ಸಮಾಧಾನದಿಂದ ಕೇಳಿದರು, ಬರೆದುಕೊಂಡರು. ಅವರಿಗೆ ನಾನು ಋಣಿ.

ದೂರಿನ ಪ್ರತಿ ಕೈಯಲ್ಲಿದ್ದ ಮೇಲೆ ಸಾಲ ಕೊಟ್ಟ ಕಂಪನಿಯ ದೂರು ಅಧಿಕಾರಿಗೆ ಮೇಲ್ ಬರೆದೆವು. ಎರಡು ಮೇಲ್‌ಗೆ ಉತ್ತರವೇ ಇಲ್ಲ. ಮೂರನೆಯದರಲ್ಲಿ "ಇದು ನಾನಲ್ಲ" ಅಂತ ಅಳುವುದನ್ನು ಬಿಟ್ಟು ಕೇಳಬೇಕಾದ್ದನ್ನು ಕೇಳಿದೆವು. ಸಾಲದ ಅರ್ಜಿ ಕೊಡಿ, ಅದರ ಜೊತೆ ಬಂದ ದಾಖಲೆ ಕೊಡಿ, ಸೆಲ್ಫಿ ಕೊಡಿ, ಹಣ ಹೋದ ಖಾತೆ ಯಾವುದು ಹೇಳಿ, ತನಿಖೆ ಮುಗಿಯುವ ತನಕ ವಸೂಲಿ ನಿಲ್ಲಿಸಿ. ದೂರಿನ ನಂಬರ್ ಮೇಲೆಯೇ ಬರೆದಿದ್ದೆವು. ಅದಕ್ಕೆ ಉತ್ತರ ಬಂತು.

ಸೆಲ್ಫಿಯಲ್ಲಿ ಇದ್ದವನು ನನಗಿಂತ 20 ವರ್ಷ ಚಿಕ್ಕವನು. ಎಲ್ಲೂ ನೋಡಿದ ಮುಖವಲ್ಲ. ಅದರ ಕೆಳಗೆ ನನ್ನ ಹೆಸರು, ನನ್ನ ಅಪ್ಪನ ಹೆಸರು. ನಮ್ಮಪ್ಪ ತೀರಿಕೊಂಡು 11 ವರ್ಷ ಆಯಿತು. ಅವರ ಹೆಸರನ್ನು ಅಲ್ಲಿ ನೋಡಿದಾಗ ಆದ ಸಂಕಟ ಸಾಲದ ಮೊತ್ತ ನೋಡಿದಾಗಲೂ ಆಗಿರಲಿಲ್ಲ. ಜೊತೆಗೆ ನನ್ನ ಆಧಾರ್‌ನ ಝೆರಾಕ್ಸ್. ಅದರ ಬಲಗಡೆ, ಮೇಲಿಂದ ಕೆಳಗಿನ ತನಕ, ಕೂದಲೆಳೆಯಂಥ ಕಪ್ಪು ಗೆರೆ.

ಅದು ನನ್ನದೇ ಮಷಿನ್ನಿನಲ್ಲಿ ನಾನೇ ತೆಗೆದ ಪ್ರತಿ. ಆ ಮೂರು ತಿಂಗಳಲ್ಲಿ ನಾಲ್ಕೈದು ಕಡೆ ಕೊಟ್ಟಿದ್ದೆ. ಯಾವ ಕಡೆಯಿಂದ ಹೊರಗೆ ಹೋಯಿತೋ ಗೊತ್ತಿಲ್ಲ, ಹಾಗಾಗಿ ಯಾರ ಮೇಲೂ ಬೆರಳು ಮಾಡುವುದಿಲ್ಲ. ಏಕೆ ಕೊಟ್ಟೆ, ಯಾವತ್ತು ಕೊಟ್ಟೆ ಅಂತ ಆ ಹಾಳೆಯ ಮೇಲೆ ಒಂದು ಅಕ್ಷರ ಬರೆದಿರಲಿಲ್ಲ. ಬರೆದಿದ್ದರೆ ಅದು ಅಷ್ಟು ಸುಲಭವಾಗಿ ಸಾಲದ ಅರ್ಜಿಗೆ ಅಂಟುತ್ತಿರಲಿಲ್ಲ.

ಮುಖ ಬೇರೆ ಅಂತ ಕಂಡ ಮೇಲೂ ದಾರಿ ಸಲೀಸಾಗಿರಲಿಲ್ಲ. ವರದಿ ಇಡುವ ಎರಡೂ ಕಂಪನಿಗಳಿಗೆ ತಕರಾರು ಹಾಕಿದೆವು. ಸಾಲ ಕೊಟ್ಟವರು 21 ದಿನದೊಳಗೆ ಉತ್ತರ ಕೊಡಬೇಕು, ಒಟ್ಟು 30 ದಿನದೊಳಗೆ ಸರಿಪಡಿಸಬೇಕು. ಮೀರಿದರೆ ದಿನಕ್ಕೆ ₹100 ಪರಿಹಾರ. 2024ರ ಏಪ್ರಿಲ್‌ನಿಂದ ಈ ನಿಯಮ ಜಾರಿಯಲ್ಲಿದೆ. ನನ್ನದು 30 ದಿನದಲ್ಲಿ ಆಗಲಿಲ್ಲ. ಆಗ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿಗೆ, ಬರೆದೆವು. 2022ರ ಸೆಪ್ಟೆಂಬರ್‌ನಿಂದ ಈ ವರದಿ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ, ಅರ್ಜಿಗೆ ಶುಲ್ಕವಿಲ್ಲ, ವಕೀಲರೂ ಬೇಡ. ಮೊದಲ ದಿನದಿಂದ ಲೆಕ್ಕ ಹಾಕಿದರೆ ಐದೂವರೆ ತಿಂಗಳಿಗೆ ನನ್ನ ಹೆಸರು ಸ್ವಚ್ಛ ಆಯಿತು. ಪ್ರಿಂಟರ್ ಸಾಲ ಆಮೇಲೆ ಸಿಕ್ಕಿತು. ಆ ಸೆಲ್ಫಿಯವನು ಇನ್ನೂ ಸಿಕ್ಕಿಲ್ಲ.

ಈಗ ನನ್ನ ಅಂಗಡಿಯ ವಿಷಯ. ನನ್ನ ಕಡೆಯೂ ತಪ್ಪಿತ್ತು. ಮಸುಕು ಬಂದ, ವಾರೆ ಬಂದ ಪ್ರತಿಗಳನ್ನು ನಾನೂ ರದ್ದಿಗೇ ಹಾಕುತ್ತಿದ್ದೆ. "ವಾಟ್ಸ್‌ಆ್ಯಪ್ ಮಾಡೀನ್ರಿ ಅಣ್ಣಾರ, ಪ್ರಿಂಟ್ ಕೊಡ್ರಿ" ಅಂತ ಮಕ್ಕಳು ಕಳಿಸಿದ ಆಧಾರ್, ಮಾರ್ಕ್ಸ್ ಕಾರ್ಡ್ ಫೋಟೋಗಳು ನನ್ನ ಫೋನಿನಲ್ಲಿ ಸಾವಿರಗಟ್ಟಲೆ ಬಿದ್ದಿದ್ದವು. ಆ ಫೋನ್ ಕಳೆದಿದ್ದರೆ? ಈಗ ಪ್ರತಿ ರಾತ್ರಿ ಬಾಗಿಲು ಹಾಕುವ ಮೊದಲು ಎಲ್ಲ ಅಳಿಸುತ್ತೇನೆ, ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ಕೂಡ. ಹಾಳಾದ ಪ್ರತಿಗಳನ್ನು ಸಣ್ಣಗೆ ಹರಿದು ನೀರಲ್ಲಿ ನೆನೆಸಿ ಮುದ್ದೆ ಮಾಡುತ್ತೇನೆ. ಕೌಂಟರ್ ಮೇಲೆ ದಾರ ಕಟ್ಟಿ ಒಂದು ಪೆನ್ ಇಟ್ಟಿದ್ದೇನೆ. ಆಧಾರ್ ಝೆರಾಕ್ಸ್ ಕೈಗೆ ಕೊಡುವ ಮೊದಲು, "ಯಾವುದಕ್ಕ ಕೊಡ್ತೀರಿ ಬರೀರಿ, ತಾರೀಕು ಹಾಕ್ರಿ, ಅಡ್ಡ ಸಹಿ ಮಾಡ್ರಿ" ಅನ್ನುತ್ತೇನೆ. ಮೊದಮೊದಲು ಬೇಜಾರು ಮಾಡಿಕೊಳ್ಳುತ್ತಿದ್ದರು. ಈಗ ನಾನು ಹೇಳುವ ಮೊದಲೇ ಪೆನ್ ಎತ್ತಿಕೊಳ್ಳುತ್ತಾರೆ.

ಮಾಸ್ಕ್ಡ್ ಆಧಾರ್ ಅಂತ ಒಂದಿದೆ. ಮೊದಲ 8 ಅಂಕಿ ಮುಚ್ಚಿ, ಕೊನೆಯ 4 ಮಾತ್ರ ತೋರಿಸುವುದು. ಆಧಾರ್ ಪ್ರಾಧಿಕಾರದ ಜಾಲತಾಣದಿಂದಲೇ ಪುಕ್ಕಟೆ ಇಳಿಸಿಕೊಳ್ಳಬಹುದು. ಅದನ್ನು ಪ್ರಿಂಟ್ ಮಾಡಿ ಕೊಟ್ಟರೆ ಮಕ್ಕಳು ಅರ್ಧ ತಾಸಿನಲ್ಲಿ ವಾಪಸ್ ಬರುತ್ತಾರೆ. "ಇದು ನಡ್ಯಾಂಗಿಲ್ಲಂತ್ರಿ, ಪೂರ್ತಿ ನಂಬರ್ ಇದ್ದದ್ದ ಬೇಕಂತ." ಹಾಗೆ ಹೇಳಿ ಕಳಿಸಿದವರಲ್ಲಿ ಖಾಸಗಿಯವರೂ ಇದ್ದಾರೆ, ಸರ್ಕಾರಿ ಕಚೇರಿಯವರೂ ಇದ್ದಾರೆ. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ ಎಚ್ಚರಿಕೆ ಕೊಟ್ಟಿತ್ತು. ಆಧಾರ್ ಝೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ, ನಮ್ಮಂಥ ಅಂಗಡಿಯಲ್ಲಿ ಇಳಿಸಿಕೊಂಡರೆ ಅಳಿಸಿ ಹೋಗಿ, ಅಂತ. ಜನ ತಪ್ಪು ತಿಳಿಯಬಹುದು ಅಂತ ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆದರು. ಅದು ಉಳಿದಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು ಅಂತ ನನಗೆ ಅನಿಸುತ್ತದೆ.

ಆಧಾರ್‌ನಲ್ಲಿರುವ ಹೆಬ್ಬೆಟ್ಟನ್ನೂ ಬೇರೆಯವರು ಬಳಸದ ಹಾಗೆ ಲಾಕ್ ಮಾಡಿಕೊಳ್ಳಿ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಆಗುತ್ತದೆ. ಬೇಕಾದಾಗ ತೆಗೆದು ಮತ್ತೆ ಹಾಕಬಹುದು. ಗೊತ್ತಾಗದಿದ್ದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಹೇಳುತ್ತಾರೆ. ಕಳೆದ ಆರು ತಿಂಗಳಲ್ಲಿ ನಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿಯೂ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ. ರೇಷನ್‌ಗೆ, ಪಿಂಚಣಿಗೆ ಹೆಬ್ಬೆಟ್ಟು ಒತ್ತುವ ಹಿರಿಯರಿಗೆ ಲಾಕ್ ಹಾಕಿದರೆ ತೊಂದರೆ ಆಗಬಹುದು, ಅವರ ಮನೆಯ ಮಕ್ಕಳು ಆ ಪಟ್ಟಿಯನ್ನಾದರೂ ಆಗಾಗ ನೋಡುತ್ತಿರಲಿ.

ಜಿಲ್ಲಾಧಿಕಾರಿಗಳೇ, ನಾವು ಜನ ಇಷ್ಟು ಮಾಡಿಕೊಳ್ಳಬಹುದು. ಉಳಿದದ್ದು ನಿಮ್ಮ ಕೈಯಲ್ಲಿದೆ.

ನಿಮ್ಮ ಅಧೀನದ ಕಚೇರಿಗಳಿಗೆ ಒಂದು ಸುತ್ತೋಲೆ ಕಳಿಸಿ. ಮೂಲ ಕಾರ್ಡ್ ನೋಡಿದರೆ ಸಾಕಾಗುವ ಕಡೆ ಝೆರಾಕ್ಸ್ ಕೇಳಬಾರದು. ಕೇಳಲೇಬೇಕಾದ ಕಡೆ, ಕಾನೂನು ಪೂರ್ತಿ ನಂಬರ್ ಕೇಳದಿದ್ದರೆ, ಮಾಸ್ಕ್ಡ್ ಪ್ರತಿ ತೆಗೆದುಕೊಳ್ಳಬೇಕು. ನನ್ನ ವ್ಯಾಪಾರ ಕಡಿಮೆ ಆಗುತ್ತದೆ, ಆಗಲಿ. ಹಳೇ ಕಡತಗಳನ್ನು ಕಿಲೋ ಲೆಕ್ಕದಲ್ಲಿ ರದ್ದಿಗೆ ಕೊಡುವುದನ್ನು ಮೊದಲು ನಿಲ್ಲಿಸಿ. ಪ್ರತಿ ತಾಲ್ಲೂಕು ಕಚೇರಿಗೆ ಕಾಗದ ಚೂರು ಮಾಡುವ ಒಂದು ಯಂತ್ರ ಕೊಡಿಸಿ, ಅದೇನು ಬಹಳ ದುಬಾರಿಯದಲ್ಲ. ಕೋಚಿಂಗ್, ಪಿಜಿ, ಲೈಬ್ರರಿ ನಡೆಸುವವರನ್ನು ಒಂದು ದಿನ ಕರೆಸಿ ಮಾತಾಡಿ. ಮಕ್ಕಳ ಕಾಗದ ಅವರ ಹತ್ತಿರ ಎಷ್ಟು ದಿನ ಇರುತ್ತದೆ, ಬೀರುವಿಗೆ ಬೀಗ ಇದೆಯೋ ಇಲ್ಲವೋ ಕೇಳಿ.

ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಬ್ಯಾಂಕಿನವರ ಸಭೆ ನಿಮ್ಮ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಅಲ್ಲಿ ಈ ವಿಷಯ ಇಡಿ. "ಈ ಸಾಲ ನನ್ನದಲ್ಲ" ಅಂತ ಒಬ್ಬರು ದೂರಿನ ನಂಬರ್ ಸಮೇತ ಬರೆದು ಕೊಟ್ಟರೆ, ಸಾಲದ ಅರ್ಜಿ ಮತ್ತು ಫೋಟೋವನ್ನು ಏಳು ದಿನದಲ್ಲಿ ಅವರಿಗೆ ತೋರಿಸಲಿ. ಆ ಸೆಲ್ಫಿ ನನಗೆ ಮೊದಲ ವಾರವೇ ಸಿಕ್ಕಿದ್ದರೆ ಅಷ್ಟು ತಿಂಗಳು ಬೇಕಾಗುತ್ತಿರಲಿಲ್ಲ.

ಪೊಲೀಸ್ ಆಯುಕ್ತರ ಜೊತೆ ಮಾತಾಡಿ ಧಾರವಾಡದಲ್ಲೂ ಹುಬ್ಬಳ್ಳಿಯಲ್ಲೂ ಒಂದೊಂದು ಮೇಜು ಹಾಕಿಸಿ. ರೊಕ್ಕ ಹೋಗದೆ ಹೆಸರು ಮಾತ್ರ ಹೋದವರಿಗಾಗಿ. ಪೋರ್ಟಲ್‌ನಲ್ಲಿ ದೂರು ಹಾಕಿಕೊಡುವ, ಕಂಪನಿಗೆ ಏನು ಬರೆಯಬೇಕು ಅಂತ ಹೇಳಿಕೊಡುವ ಒಬ್ಬರು ಅಲ್ಲಿದ್ದರೆ ಸಾಕು. ನನಗೆ ಓದಿದ ಮಗಳಿದ್ದಳು. ಎಲ್ಲರ ಮನೆಯಲ್ಲೂ ಇರುವುದಿಲ್ಲ. 2025ರ ಜನವರಿಯಲ್ಲಿ ಪಕ್ಕದ ಹಾವೇರಿಯ ಅಕ್ಕಂದಿರು ಸಾಲ ವಸೂಲಿಯವರ ಕಾಟಕ್ಕೆ ತಮ್ಮ ಮಾಂಗಲ್ಯವನ್ನೇ ಮುಖ್ಯಮಂತ್ರಿಗಳಿಗೆ ಕಳಿಸಿದ್ದು ನಿಮಗೆ ಗೊತ್ತಿದೆ. ಫೆಬ್ರವರಿಯಲ್ಲಿ ಸರ್ಕಾರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಸಾಲ ಪಡೆದವರಿಗೆ ಅಷ್ಟು ಮಾಡಿದ್ದು ಒಳ್ಳೆಯದಾಯಿತು. ಸಾಲವನ್ನೇ ಪಡೆಯದೆ ಬಾಗಿಲಿಗೆ ವಸೂಲಿಯವರು ಬಂದವರು ಹೋಗಿ ಕೂರಲು ಒಂದು ಕುರ್ಚಿಯಾದರೂ ಬೇಕು.

ಸಪ್ತಾಪುರದ ಮಕ್ಕಳಿಗಾಗಿ ನಿಮ್ಮ ಕಚೇರಿಯಿಂದ ಒಂದು ಪುಟದ ಕನ್ನಡ ನೋಟಿಸ್ ಬರೆಸಿ ಕೊಡಿ. 1930, 1947, ಸಂಚಾರ್ ಸಾಥಿ, ಪುಕ್ಕಟೆ ವರದಿ, ದೂರು ಕೊಡುವ ಜಾಗ, ಇಷ್ಟಿದ್ದರೆ ಸಾಕು. ನಿಮ್ಮ ಸಹಿ ಇರಲಿ, ನಾವು ಹೇಳಿದರೆ ಕೇಳದವರು ಅದನ್ನು ನೋಡಿ ಕೇಳುತ್ತಾರೆ. ಪ್ರಿಂಟ್ ನಾನು ಹಾಕುತ್ತೇನೆ, ರೊಕ್ಕ ಬೇಡ. ಪ್ರತಿ ಹಾಸ್ಟೆಲ್, ಪ್ರತಿ ಪಿಜಿ, ಪ್ರತಿ ಲೈಬ್ರರಿ ಬಾಗಿಲಿಗೆ ನಾನೂ ಮಗಳೂ ಹೋಗಿ ಅಂಟಿಸಿ ಬರುತ್ತೇವೆ. ಅಂಗಡಿ ಬೆಳಗ್ಗೆ 8ಕ್ಕೆ ತೆರೆಯುತ್ತದೆ. ಯಾರ ಕೈಯಲ್ಲಾದರೂ ಕಳಿಸಿಕೊಡಿ.

ಇಂತಿ ನಮಸ್ಕಾರಗಳೊಂದಿಗೆ,
ಸಪ್ತಾಪುರದ ಒಬ್ಬ ಝೆರಾಕ್ಸ್ ಅಂಗಡಿಯವ
ಧಾರವಾಡ